ಪಥ್ಯ ಹಿಡಿದು ಬೀಗರ ಮನೆಗೆ ಹೋದದ್ದು

ನಮ್ಮ ವಂಶದಲ್ಲಿ ಮೊದಲು ಬಿ.ಎ. ಪಾಸು ಮಾಡಿದವನು ನಾನು. ಮೊದಲು ಹೊಟ್ಟೆ ಬಂದವನೂ ನಾನೇ. ಇವೆರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ. ನಮ್ಮಪ್ಪ ಬೇರೆಯವರ ಹೊಲದಲ್ಲಿ ನೇಗಿಲು ಹಿಡಿದವನು, ನಮ್ಮ ತಾತನೂ ಅಷ್ಟೇ. ಇಬ್ಬರಿಗೂ ಹೊಟ್ಟೆ ಎಂದರೆ ಒಳಕ್ಕೆ ಹೋದ ಜಾಗವೇ ಹೊರತು ಹೊರಕ್ಕೆ ಬಂದ ಜಾಗವಲ್ಲ. ನಾನು ಹಗಲು ಗುಮಾಸ್ತೆಯಾಗಿ ದುಡಿದು, ಸಂಜೆ ಕಾಲೇಜಿಗೆ ಹೋಗಿ, ಇಂಗ್ಲಿಷ್ ಪೇಪರಿನಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು, ಕಡೆಗೊಮ್ಮೆ ಪಾಸಾದೆ. ಪಾಸಾದ ಮೇಲೆ ಬಡ್ತಿ ಬಂತು. ಬಡ್ತಿಯ ಜೊತೆ ಕೈಯಿದ್ದ ಕುರ್ಚಿ ಬಂತು. ಕುರ್ಚಿಯಲ್ಲಿ ಕೂತ ಮೇಲೆ ಉಳಿದದ್ದು ತಾನಾಗಿಯೇ ಬಂತು. ಬುಷ್ ಶರ್ಟಿನ ಕೆಳಗಿನ ಗುಂಡಿ ಹಾಕಲಾಗದ ಸ್ಥಿತಿಯಲ್ಲಿ ನಾನು ಮೊದಲ ಸಲ ಊರಿಗೆ ಹೋದಾಗ ನಮ್ಮವ್ವ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು, "ನೋಡ್ರೇ, ನನ್ ಮಗನ್ಗೆ ಮೈ ಬಂದೈತೆ" ಎಂದು ತೋರಿಸಿದಳು. ಡಿಗ್ರಿ ಸರ್ಟಿಫಿಕೇಟನ್ನು ತೋರಿಸಿದ ದಿನ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಅದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ, ಇದನ್ನು ಓದಲು ಬರುತ್ತಿತ್ತು. ನಮ್ಮ ಕಡೆ ಸಣ್ಣಗಿರುವವನನ್ನು ಕಂಡರೆ "ಏನಪ್ಪ ಕಷ್ಟ?" ಎನ್ನುತ್ತಾರೆ, ದಪ್ಪಗಿರುವವನನ್ನು ಕಂಡರೆ ಕೂರಲು ಚಾಪೆ ಹಾಕುತ್ತಾರೆ. ಅಂಥ ಊರಿನಿಂದ ಬಂದವನಿಗೆ ತೂಕ ಇಳಿಸು ಎನ್ನುವುದು, ಬಂದ ಬಡ್ತಿಯನ್ನು ವಾಪಸು ಕೊಡು ಎಂದ ಹಾಗೆ.

ಹಾಗೆಂದವರು ಜಯನಗರದ ನಮ್ಮ ಡಾಕ್ಟರು. ಕಾಲು ಜೋಮು ಹಿಡಿಯುತ್ತದೆ ಎಂದು ಹೋದರೆ ಅವರು ಕಾಲನ್ನು ನೋಡಲೇ ಇಲ್ಲ. ರಕ್ತ ಕೊಡಿ, ಮೂತ್ರ ಕೊಡಿ ಎಂದರು. ಕೊಟ್ಟೆ. "ಸಕ್ಕರೆ ಅಂಚಿನಲ್ಲಿ ನಿಂತಿದೆ. ತೂಕ ಇಳಿಸಿದರೆ ಹಿಂದಕ್ಕೆ ಹೋಗುತ್ತೆ, ಇಲ್ಲದಿದ್ದರೆ ಮುಂದಕ್ಕೆ ಬರುತ್ತೆ" ಎಂದರು. ಏನೋ ನಮ್ಮ ಮನೆ ಹಸುವಿನ ವಿಷಯ ಹೇಳಿದ ಹಾಗೆ. ಅನ್ನ ಕಡಿಮೆ ಮಾಡಿ, ದಿನವೂ ನಡೆಯಿರಿ ಎಂದೂ ಸೇರಿಸಿದರು. ನನಗೆ ಭಯವಾಯಿತು. ಆದರೆ ಭಯವನ್ನು ನಂಬಿ ತೂಕ ಇಳಿಸಲು ಹೊರಡುವವರಿಗೆ ನಾನು ಒಂದು ಮಾತು ಹೇಳಬೇಕು. ಭಯವೆಂಬುದು ಹಾಲಿದ್ದಂತೆ, ಬೆಳಗ್ಗೆ ತಂದದ್ದು ಸಂಜೆಗೆ ಒಡೆದು ಹೋಗುತ್ತದೆ. ಮೊದಲ ದಿನ ಅನ್ನವನ್ನೇ ಮುಟ್ಟಲಿಲ್ಲ. ಎರಡನೆಯ ದಿನ ಸ್ವಲ್ಪ ಮುಟ್ಟಿದೆ. ಆ ವಾರ ಕಳೆಯುವುದರೊಳಗೆ, ಡಾಕ್ಟರು ಹೇಳಿದ್ದು ಅಕ್ಕಿಯ ವಿಷಯ, ಮುದ್ದೆಯ ವಿಷಯ ಏನೂ ಹೇಳಲಿಲ್ಲವಲ್ಲ ಎಂಬ ಜ್ಞಾನೋದಯವಾಯಿತು. ಓದಿದವನಿಗೆ ಇರುವ ತೊಂದರೆ ಇದೇ. ಯಾವ ಆದೇಶದಲ್ಲಿ ಎಲ್ಲಿ ಸಂದಿಯಿದೆ ಎಂದು ಹುಡುಕುವುದೇ ಮೂವತ್ತು ವರ್ಷ ನನ್ನ ಉದ್ಯೋಗವಾಗಿತ್ತು.

ನಡಿಗೆಯ ಕತೆಯೂ ಹಾಗೆಯೇ. ನಾವು ಜೆ.ಪಿ. ನಗರದಲ್ಲಿ ಮನೆ ಕಟ್ಟಿದಾಗ ಸುತ್ತ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಬೆಳಗ್ಗೆ ಎದ್ದು ಕನಕಪುರ ರಸ್ತೆ ಹಿಡಿದು ಜರಗನಹಳ್ಳಿ ಕಡೆಗೆ ಹೋಗಿ ಬರುವುದೆಂದು ಗೊತ್ತುಮಾಡಿಕೊಂಡೆ. ಈಗಿನಂತೆ ಆಗ ಕ್ಯಾನ್ವಾಸ್ ಷೂ ಹಾಕಿಕೊಂಡು ಕೈ ಬೀಸುತ್ತ ಹೋಗುವವರು ಆ ಕಡೆ ಇರಲಿಲ್ಲ. ಕೆಲಸವಿಲ್ಲದೆ ನಡೆಯುವವನೆಂದರೆ ತಲೆ ಕೆಟ್ಟವನು ಇಲ್ಲವೇ ಬಸ್ಸು ತಪ್ಪಿಸಿಕೊಂಡವನು. "ಏನ್ ಸಾರ್, ಬಸ್ ಸಿಗ್ಲಿಲ್ವಾ?" ಎಂದು ಕೇಳದೆ ಯಾರೂ ಮುಂದೆ ಹೋಗರು. ಸೈಕಲ್ಲಿನಲ್ಲಿ ಸೊಪ್ಪು ತುಂಬಿಕೊಂಡು ಹೋಗುವವನೊಬ್ಬ ನಿಲ್ಲಿಸಿ, "ಹತ್ಕಳಿ ಸಾರ್, ಬಿಟ್ಬಿಡ್ತೀನಿ" ಎಂದ. ಬೇಡವೆಂದರೆ ಬೇಜಾರು. ಹತ್ತಿದೆ. ಆವತ್ತಿನ ವ್ಯಾಯಾಮವನ್ನು ಪಾಪ ಅವನು ಮಾಡಿದ. ಮರುದಿನದಿಂದ ಈ ಪ್ರಶ್ನೆಗಳ ಕಾಟ ತಪ್ಪಲೆಂದು ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದೆ. ಚೀಲ ಹಿಡಿದ ಕೂಡಲೇ ನಾನು ಮರ್ಯಾದಸ್ಥನಾದೆ, ಯಾರೂ ಮಾತಾಡಿಸಲಿಲ್ಲ. ಆದರೆ ಖಾಲಿ ಚೀಲವನ್ನು ಮನೆಗೆ ತರಲು ಮನಸ್ಸು ಒಪ್ಪಬೇಕಲ್ಲ? ಅವರೆಕಾಯಿಯ ಕಾಲ. ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಕೂತಿರುತ್ತಿದ್ದರು, ಸೊಗಡು ಮೂಗಿಗೆ ಬಡಿಯುತ್ತಿತ್ತು. ನಾನು ನಡೆದಷ್ಟು ದಿನವೂ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು. "ರೀ, ನೀವು ವಾಕಿಂಗ್ ಶುರು ಮಾಡಿದ್ಮೇಲೆ ಮನೇಲಿ ಮುದ್ದೆ ಖರ್ಚಾಗೋದು ಜಾಸ್ತಿ ಆಗಿದೆ" ಎಂದಳು ನನ್ನ ಹೆಂಡತಿ ಜಯಮ್ಮ. ಅವಳು ಓದಿದ್ದು ಕಡಿಮೆ, ಆದರೆ ವರದಿ ಮಾತ್ರ ಒಂದೇ ವಾಕ್ಯದಲ್ಲಿ ಕೊಡುತ್ತಾಳೆ.

ತೂಕ ನೋಡಿಕೊಳ್ಳಲು ಬಸ್ ನಿಲ್ದಾಣದ ಯಂತ್ರವಿತ್ತು. ಕಾಸು ಹಾಕಿದರೆ ಬಣ್ಣದ ದೀಪ ತಿರುಗಿ ಒಂದು ಸಣ್ಣ ಕಾರ್ಡು ಉದುರುತ್ತಿತ್ತು, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ತೂಕ ಏರಿತ್ತು. ಭವಿಷ್ಯದಲ್ಲಿ, ನೀವು ದೃಢ ಮನಸ್ಸಿನವರು, ಹಿಡಿದ ಕೆಲಸ ಬಿಡುವುದಿಲ್ಲ ಎಂದಿತ್ತು. ಯಂತ್ರದ ಒಂದು ಭಾಗ ಕೆಟ್ಟಿದೆ, ಇನ್ನೊಂದು ಸರಿಯಾಗಿದೆ ಎಂದು ತೀರ್ಮಾನಿಸಿ ಮನೆಗೆ ಬಂದೆ.

ಮತ್ತೆ ಡಾಕ್ಟರ ಬಳಿಗೆ ಹೋದಾಗ ಅವರು ಕಾಗದ ನೋಡಿ, ನನ್ನನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆಯುತ್ತ, "ನಿಮ್ಮಂಥವರ ಕೈಲಿ ಆಗಲ್ಲ ಬಿಡಿ. ಮಾತ್ರೆ ಬರ್ಕೊಡ್ತೀನಿ" ಎಂದರು. ಅವರಿಗೆ ಅದು ದಿನವೂ ಹೇಳುವ ಮಾತಿರಬೇಕು. ನನಗೆ ಮಾತ್ರ ಬೆನ್ನು ನೆಟ್ಟಗಾಯಿತು. "ನಿಮ್ಮಂಥವರ ಕೈಲಿ ಆಗಲ್ಲ" ಎಂಬ ಮಾತನ್ನು ನಾನು ಹೈಸ್ಕೂಲಿಗೆ ಸೇರುವಾಗ ಕೇಳಿದ್ದೆ, ಕೆಲಸಕ್ಕೆ ಅರ್ಜಿ ಹಾಕುವಾಗ ಕೇಳಿದ್ದೆ, ಇಂಗ್ಲಿಷ್ ಪೇಪರು ಕಟ್ಟುವಾಗ ಪ್ರತಿ ಸಲವೂ ಕೇಳಿದ್ದೆ. ಆ ಮಾತು ಕೇಳಿದ ಮೇಲೆ ನಾನು ಸುಮ್ಮನಿದ್ದದ್ದಿಲ್ಲ. "ಸ್ವಲ್ಪ ಕಾಲ ಕೊಡಿ ಸಾರ್, ಮಾತ್ರೆ ಆಮೇಲೆ ನೋಡೋಣ" ಎಂದೆ. ಇನ್ನೊಂದು ತಿಂಗಳು ನೋಡೋಣ ಎಂದು ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಭಯದಿಂದ ಆಗದ್ದು ಸಿಟ್ಟಿನಿಂದ ಆಯಿತು. ಎರಡು ಚಪಾತಿ, ಸೊಪ್ಪಿನ ಪಲ್ಯ, ಸಕ್ಕರೆಯಿಲ್ಲದ ಕಾಫಿ. ಚೀಲ ಬಿಟ್ಟು ನಡೆದೆ. ಕೇಳಿದವರಿಗೆಲ್ಲ "ಸುಮ್ನೆ" ಎಂದೆ. ಆಫೀಸಿನಲ್ಲಿ ಯಾರದೋ ಮಗುವಿನ ನಾಮಕರಣದ ಲಾಡು ಬಂದರೆ ಮುಟ್ಟದೆ ಮುಂದಕ್ಕೆ ಸರಿಸಿದೆ. ಆ ದಿನಗಳಲ್ಲಿ ನನ್ನನ್ನು ಸಹಿಸಿಕೊಳ್ಳುವುದು ಮನೆಯವರಿಗೆ ಕಷ್ಟವಾಗಿತ್ತು ಎಂದು ಈಗ ಅನಿಸುತ್ತದೆ. ಅವರು ಉಣ್ಣುವಾಗ ನಾನು ಎದುರಿಗೆ ಕೂತು, ಕರಿದ ಪದಾರ್ಥದ ಕೆಡುಕುಗಳನ್ನು ಕುರಿತು ಮಾತಾಡುತ್ತಿದ್ದೆ.

ಹೀಗೆ ನನ್ನ ಪಥ್ಯ ನೆತ್ತಿಗೇರಿದ್ದಾಗ ನಮ್ಮ ವನಜಾಳ ಸಂಬಂಧ ಕೂಡಿ ಬಂತು. ವನಜಾ ನನ್ನ ಮಗಳು, ಡಿಗ್ರಿ ಮುಗಿಸಿ ಪೇಟೆಯ ಕಡೆ ಒಂದು ಸ್ಕೂಲಿನಲ್ಲಿ ಟೀಚರಾಗಿದ್ದಳು. ಹುಡುಗ ರಮೇಶ, ಜರಗನಹಳ್ಳಿಯವನು, ಡಿಪ್ಲೊಮಾ ಮಾಡಿ ಕಾರ್ಖಾನೆಯಲ್ಲಿದ್ದ. ಅವನ ತಂದೆ ಕೆಂಪಣ್ಣನವರು ಮೊದಲು ಹೊಲ ಮಾಡುತ್ತಿದ್ದವರು. ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಸಂಬಂಧ ತಂದವನು ನನ್ನ ಹೆಂಡತಿಯ ತಮ್ಮ. ತಂದವನು ಅವನೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಹುಡುಗನೂ ಹುಡುಗಿಯೂ ದಿನವೂ ಒಂದೇ ಬಸ್ಸಿಗೆ ಕಾಯುತ್ತಾರೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವರು ಬಂದು ಹೆಣ್ಣು ನೋಡಿ ಹೋದರು. ಸಂಕ್ರಾಂತಿ ಕಳೆದ ಮೇಲೆ ನಾವು ಅವರ ಮನೆ ನೋಡಲು ಹೋಗುವುದೆಂದಾಯಿತು.

ಹೊರಡುವ ಮುಂಚೆ ಜಯಮ್ಮ ನನಗೆ ಎಚ್ಚರಿಕೆ ಕೊಟ್ಟಳು. "ರೀ, ಅಲ್ಲಿ ಹೋಗಿ ನಿಮ್ಮ ಡಾಕ್ಟರ ಪುರಾಣ ತೆಗೀಬೇಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಅಂದ್ರೆ ಹುಡುಗೀಗೂ ಬರುತ್ತೆ ಅಂತಾರೆ. ಮಾತು ಅಲ್ಲಿಗೇ ನಿಂತೋಗುತ್ತೆ."

"ಕಾಯಿಲೆ ಇಲ್ಲ, ಅಂಚು" ಎಂದೆ.

"ಅಂಚೂ ಬೇಡ, ಸೆರಗೂ ಬೇಡ. ಬಾಯಿ ಮುಚ್ಕೊಂಡಿರಿ."

ಡಾಕ್ಟರ ವಿಷಯದಲ್ಲಿ ಬಾಯಿ ಮುಚ್ಚಿಕೊಂಡೇ ಇದ್ದೆ. ಅದೇ ಅನಾಹುತವಾಯಿತು. ಕೆಂಪಣ್ಣನವರ ಮನೆಯ ಪಡಸಾಲೆಯಲ್ಲಿ ಗಂಡಸರು ಕೂತಿದ್ದೆವು, ಜಯಮ್ಮ ಹೆಂಗಸರ ಜೊತೆ ಒಳಗಿದ್ದಳು. ಮಾತು ಚೆನ್ನಾಗಿಯೇ ನಡೆಯಿತು. ನಾನು ಬಿ.ಎ. ಪಾಸು ಮಾಡಿದ ಕತೆಯನ್ನು ಅವರು ಕೇಳದಿದ್ದರೂ ಹೇಳಿದೆ. ಆಮೇಲೆ ಕೆಂಪಣ್ಣನವರ ಹೆಂಡತಿ ಗೌರಮ್ಮ ಒಳಗಿನಿಂದ ತಟ್ಟೆಗಳನ್ನು ಕಳಿಸಿದರು. ನನ್ನ ಮುಂದೆ ಇಟ್ಟ ತಟ್ಟೆಯಲ್ಲಿ ಒಬ್ಬಟ್ಟು, ಅಂಗೈ ಅಗಲದ್ದಲ್ಲ, ತಟ್ಟೆಯಗಲದ್ದು. ಮೇಲೆ ತುಪ್ಪ ಕೆರೆ ಕಟ್ಟಿತ್ತು. "ತಗಳಿ ಯಜಮಾನ್ರೆ" ಎಂದರು ಕೆಂಪಣ್ಣ. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ತಲೆಯಾಡಿಸಿ, ನಕ್ಕೆ. "ಒಂಚೂರು" ಎಂದರು. ಮತ್ತೆ ತಲೆಯಾಡಿಸಿದೆ. ನನ್ನೊಳಗೆ ಆಗ ಹೆಮ್ಮೆ ಉಕ್ಕುತ್ತಿತ್ತು. ತುಪ್ಪದ ವಾಸನೆ ಮೂಗಿಗೆ ಬರುತ್ತಿದ್ದರೂ ಗೆದ್ದೆನಲ್ಲ ಎಂದು! ಪಡಸಾಲೆ ಇದ್ದಕ್ಕಿದ್ದಂತೆ ಯಾಕೆ ತಣ್ಣಗಾಯಿತು ಎಂಬುದನ್ನು ಗಮನಿಸುವಷ್ಟು ಬಿಡುವು ನನಗಿರಲಿಲ್ಲ. ನನ್ನ ಭಾವಮೈದ ಮಾತ್ರ ತನ್ನ ಒಬ್ಬಟ್ಟನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

ಬಸ್ ಸ್ಟಾಪಿಗೆ ಬರುವವರೆಗೂ ಜಯಮ್ಮ ನನ್ನನ್ನು ಬಿಟ್ಟು ಮುಂದೆ ಮುಂದೆಯೇ ನಡೆದಳು. ಅಲ್ಲಿ ಬಂದು ನಿಂತು, "ಒಬ್ಬಟ್ಟು ಮುಟ್ಟಲಿಲ್ವಂತೆ!" ಎಂದಳು.

"ಪಥ್ಯ ಅಲ್ವೇನೆ."

"ನಿಮ್ ಪಥ್ಯಕ್ಕಿಷ್ಟು! ನೀವು ಯಾವೂರಲ್ಲಿ ಹುಟ್ಟಿದ್ರಿ? ಗಂಡಿನ ಮನೇಲಿ ಸಿಹಿ ಮುಟ್ಟಲಿಲ್ಲ ಅಂದ್ರೆ ಏನರ್ಥ ಅಂತ ನಿಮಗೆ ಯಾರೂ ಹೇಳಿಕೊಡಲಿಲ್ವಾ?"

ಹೇಳಿಕೊಟ್ಟಿದ್ದರು. ನಮ್ಮಪ್ಪ ನನ್ನ ಅಕ್ಕನ ಮದುವೆಯ ಮಾತಿಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ನಮ್ಮ ಕಡೆಯ ಪದ್ಧತಿ ಅದು. ಸಂಬಂಧ ಒಪ್ಪಿಗೆಯಾದರೆ ಅವರ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಂಡು ಏಳಬೇಕು. ಒಪ್ಪಿಗೆಯಿಲ್ಲದವನು ಸಿಹಿ ಮುಟ್ಟದೆ, ನೀರು ಕುಡಿದು, ನಕ್ಕು, ಎದ್ದು ಬರುತ್ತಾನೆ. ಬೇಡ ಎಂದು ಮುಖಕ್ಕೆ ಹೇಳಿ ಯಾರನ್ನೂ ನೋಯಿಸಬಾರದೆಂದು ಹಿರಿಯರು ಮಾಡಿಕೊಂಡ ಏರ್ಪಾಡು. ನಾನು ನಗುವುದನ್ನೂ ಬಿಟ್ಟಿರಲಿಲ್ಲ. ಪದ್ಧತಿ ಪ್ರಕಾರ, ಒಂದು ತಪ್ಪೂ ಇಲ್ಲದೆ, ನನ್ನ ಮಗಳ ಮದುವೆಯನ್ನು ಬೇಡವೆಂದು ಹೇಳಿ ಬಂದಿದ್ದೆ. ಒಳಗೆ ಮುಟ್ಟದ ತಟ್ಟೆ ವಾಪಸು ಬಂದದ್ದನ್ನು ನೋಡಿ ಗೌರಮ್ಮನವರ ಮುಖ ಸಣ್ಣಗಾಯಿತಂತೆ. ಜಯಮ್ಮನಿಗೆ ಕುಂಕುಮ ಕೊಟ್ಟರಂತೆ, ಮಡಿಲಿಗೆ ಹಾಕಲು ತೆಗೆದಿಟ್ಟಿದ್ದ ತೆಂಗಿನಕಾಯಿಯನ್ನು ಮಾತ್ರ ಮೆಲ್ಲಗೆ ಒಳಕ್ಕೆ ಇಟ್ಟರಂತೆ.

"ಹಾಗಾದ್ರೆ ನಾಳೇನೇ ಹೋಗಿ, ಪಥ್ಯ ಅಂತ ಹೇಳಿ ಬರ್ತೀನಿ" ಎಂದೆ.

"ಹೇಳಿ. ಹುಡುಗಿ ಬೇಡ ಅನ್ನೋಕೆ ಅವರಿಗೂ ಒಂದು ಕಾರಣ ಸಿಗಲಿ."

ಈಗ ನನ್ನ ಸ್ಥಿತಿ ನೋಡಿ. ಸುಮ್ಮನಿದ್ದರೆ ನಾನು ಅವರನ್ನು ಅವಮಾನ ಮಾಡಿದವನು. ಮಾತಾಡಿದರೆ ನನ್ನ ಮಗಳು ರೋಗಸ್ಥರ ಮನೆಯವಳು. ದಿನಗಳು ಕಳೆದವು, ಆ ಮನೆಯಿಂದ ಸುದ್ದಿಯಿಲ್ಲ. ವನಜಾ ಅಳಲಿಲ್ಲ, ಕೂಗಾಡಲಿಲ್ಲ. ನನಗೆ ಚಪಾತಿ ಬಡಿಸುತ್ತ, "ತಿನ್ನಪ್ಪ, ನಿನ್ ಆರೋಗ್ಯ ಮುಖ್ಯ" ಎಂದಳು. ಮರುದಿನದಿಂದ ಚಪಾತಿ ಎರಡಿದ್ದದ್ದು ಒಂದಕ್ಕೆ ಇಳಿಯಿತು. ಡಾಕ್ಟರ ಬೈಗುಳವಾಗಲಿ ನನ್ನ ಸಿಟ್ಟಾಗಲಿ ಮಾಡದ ಕೆಲಸವನ್ನು ಮಗಳ ಆ ಒಂದು ಮಾತು ಮಾಡಿತು. ಪ್ಯಾಂಟು ಸೊಂಟದಿಂದ ಜಾರತೊಡಗಿತು. ಮೈ ತೂಕ ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಆದರೆ ಯಾರಿಗೂ ಹೇಳಿಕೊಡುವಂಥದ್ದಲ್ಲ. ಒಂದು ಬೆಳಗ್ಗೆ ಜರಗನಹಳ್ಳಿ ಕಡೆ ನಡೆಯುತ್ತಿದ್ದಾಗ ಎದುರಿಗೆ ಕೆಂಪಣ್ಣನವರು ಬಂದರು. ನಾನು ಕೈ ಮುಗಿಯುವುದರೊಳಗೆ ಅವರು ರಸ್ತೆ ದಾಟಿ ಆ ಕಡೆಗೆ ಹೋಗಿ, ಇಲ್ಲದ ಬಸ್ಸಿಗೆ ಕಾಯುವವರ ಹಾಗೆ ನಿಂತುಬಿಟ್ಟರು.

ಆಸೆ ಬಿಟ್ಟು ಕೂತಿದ್ದಾಗ ಭಾವಮೈದ ಬಂದು, "ಭಾನುವಾರ ಊಟಕ್ಕೆ ಬರಬೇಕಂತೆ, ಮನೆ ಮಂದಿಯೆಲ್ಲ. ಯಾಕೆ ಅಂತ ಹೇಳಲಿಲ್ಲ" ಎಂದ. ಯಾಕೆಂದು ಜಯಮ್ಮನಿಗೆ ಹೊಳೆಯಿತು. "ಇನ್ನೊಂದ್ ಸಲ ಕೇಳ್ತಾರೆ, ಅಷ್ಟೇ. ಈ ಸಲ ಒಬ್ಬಟ್ಟು ಬಡಿಸೋವರೆಗೂ ಕಾಯಬೇಡಿ. ಕೇಳಿ ಹಾಕಿಸ್ಕೊಳ್ಳಿ." ಕೇಳಿ ಹಾಕಿಸಿಕೊಳ್ಳುವುದೆಂದು ನಾನೂ ನಿಶ್ಚಯಿಸಿದೆ. ರಕ್ತ ಪರೀಕ್ಷೆ ಇದ್ದದ್ದು ಸೋಮವಾರ ಬೆಳಗ್ಗೆ. ಒಂದು ತಿಂಗಳ ಹಟವನ್ನು ಒಂದು ಊಟಕ್ಕೆ ಬಿಡಬೇಕಾಯಿತು. ಮಗಳಿಗಾಗಿ ಬಿಡುತ್ತಿದ್ದೇನೆ ಎಂದುಕೊಂಡೆ. ನಾಲಿಗೆಗೂ ಈ ತ್ಯಾಗ ಒಪ್ಪಿಗೆಯಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಕೋಸಂಬರಿ ಬಂತು, ಪಲ್ಯ ಬಂತು, ಒಬ್ಬಟ್ಟಿನ ಸಾರಿನ ಘಮ ಒಳಗಿನಿಂದ ಬಂತು. ರಮೇಶ ಬುಟ್ಟಿ ಹಿಡಿದು ಒಬ್ಬಟ್ಟು ಬಡಿಸುತ್ತ ಬಂದ. ಅವನ ಅಪ್ಪನಿಗೆ ಹಾಕಿದ, ನನ್ನ ಭಾವಮೈದನಿಗೆ ಹಾಕಿದ, ನನ್ನ ಎಲೆಯನ್ನು ದಾಟಿಕೊಂಡು ಮುಂದಕ್ಕೆ ಹೋದ. ಹಿಂದಿನಿಂದ ಗೌರಮ್ಮನವರೇ ಬಂದು, ಕಣ್ಣೆತ್ತದೆ, ನನ್ನ ಎಲೆಗೆ ಎರಡು ಚಪಾತಿ, ಒಂದಿಷ್ಟು ಸೊಪ್ಪಿನ ಪಲ್ಯ ಇಟ್ಟು ಒಳಗೆ ಹೋದರು.

ನಾನು ಅವರ ಸಿಹಿ ಮುಟ್ಟಲಿಲ್ಲ, ಈಗ ಅವರು ನನಗೆ ಸಿಹಿ ಕೊಡುತ್ತಿಲ್ಲ. ಮನೆಗೆ ಕರೆದು, ಎಲ್ಲರ ಎದುರಿಗೆ ಕೂರಿಸಿ, ಪದ್ಧತಿ ಪ್ರಕಾರವೇ ಲೆಕ್ಕ ಚುಕ್ತಾ ಮಾಡುತ್ತಿದ್ದಾರೆ. ಬಾಗಿಲ ಸಂದಿಯಲ್ಲಿ ವನಜಾ ನಿಂತಿದ್ದಳು. ಏನೋ ಸನ್ನೆ ಮಾಡುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಇನ್ನು ತಡೆಯಲಾಗಲಿಲ್ಲ. ಚಪಾತಿಯನ್ನು ಎಲೆಯ ಮೂಲೆಗೆ ತಳ್ಳಿ, ಆಫೀಸಿನಲ್ಲಿ ಜವಾನನನ್ನು ಕೂಗುವ ದನಿಯಲ್ಲಿ, "ಎಲ್ಲಿ ಒಬ್ಬಟ್ಟು? ಈ ಚಪಾತಿ ಯಾರಿಗೆ ಬೇಕು? ನನಗೂ ಹಾಕಪ್ಪ ರಮೇಶ!" ಎಂದೆ.

ರಮೇಶ ಗಾಬರಿಯಾಗಿ ಅಪ್ಪನ ಮುಖ ನೋಡಿದ. "ಹಾಕು, ಹಾಕು" ಎಂದೆ. ಹಾಕಿದ. ತುಪ್ಪ ಕೇಳಿದೆ. ಮುರಿದು, ಅದ್ದಿ, ಎಲ್ಲರಿಗೂ ಕಾಣುವ ಹಾಗೆ ತಿಂದೆ. "ಇನ್ನೊಂದು" ಎಂದೆ. ಅದನ್ನೂ ತಿಂದೆ. "ನೋಡಿ, ನಮಗೆ ಸಂಪೂರ್ಣ ಒಪ್ಪಿಗೆ" ಎಂದು ತುಂಬಿದ ಬಾಯಲ್ಲೇ ಘೋಷಿಸಿದೆ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು, ಅದರ ಹಿಂದೆಯೇ ಗೌರಮ್ಮನವರ ದನಿ.

"ಪಥ್ಯ ಅಂತ ಹೇಳಿದ್ರು! ನಾ ಹುಟ್ಟಿದಾಗ್ಲಿಂದ ಚಪಾತಿ ಲಟ್ಟಿಸ್ದೋಳಲ್ಲ. ಬಾಡಿಗೆ ಮನೆ ಆಂಟಿ ಹತ್ರ ಕಲ್ತು, ಬೆಳಗ್ಗೆಯಿಂದ ಹಿಟ್ಟು ನಾದಿದ್ದೀನಿ. ಯಾರಿಗ್ ಬೇಕು ಅಂತವ್ರೆ!"

ವಿಷಯ ಇಷ್ಟು. ವನಜಾ ಬಸ್ ಸ್ಟಾಪಿನಲ್ಲಿ ರಮೇಶನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಅವನು ಮನೆಯಲ್ಲಿ ಹೇಳಿದ್ದ. ಸಕ್ಕರೆಯ ಸುದ್ದಿ ಕೇಳಿ ಆ ಮನೆಯಲ್ಲಿ ಯಾರೂ ಹೆದರಿರಲಿಲ್ಲ. ಕೆಂಪಣ್ಣನವರು ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ಬೀಗರೇ, ನಂಗೂ ಅದೇ ಐತೆ. ಡಾಕ್ಟ್ರು ನಡೀರಿ ಅಂದವ್ರೆ ಅಂತ ಬೆಳಗ್ಗೆ ಹೊಂಟಿದ್ದೆ. ನೀವು ಎದುರಿಗೆ ಬಂದ್ಬಿಟ್ರಿ. ಯಾಕೆ ನಡೀತೀರಿ ಅಂತ ಕೇಳಿದ್ರೆ ಏನ್ ಹೇಳ್ಲಿ ಅಂತ ಆ ಕಡೆಗೆ ಹೋದೆ. ಗಂಡಿನಪ್ಪನಿಗೆ ಕಾಯಿಲೆ ಅಂದ್ರೆ ನೀವು ಹೆಣ್ಣು ಕೊಡ್ತಿದ್ರಾ?" ನಾನು ಅವರ ಎಲೆಯಲ್ಲಿ ಕಂಡ ಒಬ್ಬಟ್ಟುಗಳನ್ನು ನೆನೆಸಿಕೊಂಡು, "ಮತ್ತೆ ನೀವು ತಿಂದ್ರಲ್ಲ?" ಎಂದೆ. "ನೀವು ಪಥ್ಯ ಮಾಡ್ತೀರ, ನಾನೂ ಮಾಡಿದ್ರೆ ಬಂದೋರ ಮುಂದೆ ಒಬ್ಬಟ್ಟು ತಿನ್ನೋರ್ ಯಾರು?" ಎಂದರು. ಅವರು ಬೀಗರೇ ಎಂದು ಕರೆದದ್ದು ನನಗೆ ಆಗ ಗೊತ್ತಾಯಿತು. ನಲ್ಲಿಯ ಹತ್ತಿರ ಒಂದು ಕ್ಷಣ ನಿಂತು ಮುಖ ತೊಳೆದುಕೊಂಡೆ.

ಮದುವೆಯ ಮಾತು ಗಟ್ಟಿಯಾಗಿತ್ತು. ಆದರೆ ಚಪಾತಿಯ ಮಾತು ಬಾಕಿಯಿತ್ತು. ಒಳಗೆ ಹೋಗಿ, "ತಪ್ಪಾಯ್ತು ತಾಯಿ" ಎಂದೆ. ಗೌರಮ್ಮನವರು ಗೋಡೆಯ ಕಡೆ ತಿರುಗಿ, "ಪರವಾಗಿಲ್ಲ ಬಿಡಿ. ಓದಿದೋರಿಗೆ ನಮ್ ಕೈ ಅಡಿಗೆ ಎಲ್ಲಿ ಹಿಡಿಸುತ್ತೆ" ಎಂದರು. ಜಯಮ್ಮ ನನ್ನನ್ನು ನೋಡಿದಳು. ಆ ನೋಟಕ್ಕೆ ಮೂವತ್ತು ವರ್ಷದ ಅನುಭವವಿತ್ತು. ನಾನು ಮತ್ತೆ ಪಡಸಾಲೆಗೆ ಹೋಗಿ, ಎಲೆಯ ಮುಂದೆ ಕೂತು, ಮೂಲೆಗೆ ತಳ್ಳಿದ್ದ ಎರಡೂ ಚಪಾತಿಗಳನ್ನು ಪಲ್ಯದ ಸಮೇತ ತಿಂದೆ. ಚೆನ್ನಾಗಿದೆ ಎಂದೆ. ಚೆನ್ನಾಗಿದ್ದರೆ ಇನ್ನೊಂದು ಎಂದರು. ಅದನ್ನೂ ತಿಂದೆ. ಸೋಮವಾರ ಡಾಕ್ಟರು ಕಾಗದ ನೋಡಿ ಪೆನ್ನಿನ ಮುಚ್ಚಳ ತೆಗೆದರು. ಈ ಸಲ ಮಾತ್ರೆಯ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ವನಜಾ ಆ ಮನೆ ಸೇರಿ ಈಗ ಕೆಲವು ವರ್ಷಗಳಾದವು. ಹಬ್ಬಕ್ಕೆ ಹೋದಾಗಲೆಲ್ಲ ಗೌರಮ್ಮನವರು ನನ್ನ ಮುಂದೆ ಎರಡು ಎಲೆ ಹಾಕುತ್ತಾರೆ. ಒಂದು ಪಥ್ಯದವನಿಗೆ, ಒಂದು ಬೀಗನಿಗೆ. ಯಾವುದನ್ನು ಬಿಟ್ಟರೂ ಆ ತಾಯಿಗೆ ಬೇಜಾರು. ಕೆಂಪಣ್ಣನವರು ನನ್ನ ಮಾತ್ರೆಯನ್ನೂ ತಮ್ಮ ಮಾತ್ರೆಯನ್ನೂ ಒಂದೇ ಲೋಟದ ಪಕ್ಕ ಇಟ್ಟುಕೊಂಡು ನಾನು ಶುರು ಮಾಡುವುದನ್ನೇ ಕಾಯುತ್ತಾರೆ. ನಾನು ಕಟ್ಟುನಿಟ್ಟಿನ ಮನುಷ್ಯ, ಪಥ್ಯದ ಎಲೆಯನ್ನು ಒಂದು ಚೂರೂ ಬಿಡದೆ ಮೊದಲು ಮುಗಿಸುತ್ತೇನೆ.